ರೋಗ ಒಂದು ಸಲ ಹೋದರೆ ಸಾಕು, ನೆರವು ಹತ್ತು ಸಲ ಓಡಾಡಬೇಕು

ಕೋವಿಡ್ ಬಂದ 2020ರ ಬೇಸಿಗೆಯಲ್ಲಿ ಗದಗ, ಹಾವೇರಿ ಕಡೆಯ ಎಷ್ಟೋ ಹಳ್ಳಿಗಳು ಊರ ಅಗಸಿಗೆ ಮುಳ್ಳುಕಂಟಿ ಹಚ್ಚಿ ಹಾದಿ ಬಂದ್ ಮಾಡಿದ್ದವು. ಬಸ್ಸು ಬರದಿದ್ದರೆ ಜಡ್ಡೂ ಬರುವುದಿಲ್ಲ ಎಂಬ ಲೆಕ್ಕ ಅದು. ಆಫ್ರಿಕಾದ ಎಬೋಲಾ, ಎಂಪಾಕ್ಸ್ (ಮಂಕಿಪಾಕ್ಸ್) ಸುದ್ದಿ ಬಂದಾಗಲೂ ಇದೇ ಲೆಕ್ಕ ಕೇಳಿಬರುತ್ತದೆ. ಕಾಂಗೋದ ಕಾಡಿನಲ್ಲಿ ರಸ್ತೆಯೇ ಇಲ್ಲ, ರೋಗ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ, ಹೊರಗೆ ಬರುವುದು ಯಾರಾದರೂ ವಿಮಾನ ಹತ್ತಿದಾಗ ಮಾತ್ರ ಅಂತ. ಈ ಮಾತು ಅರ್ಧ ನಿಜ. ಉಳಿದರ್ಧ ಜೀವ ತೆಗೆಯುವಂಥದ್ದು.

ನಿಜ ಇರುವ ಅರ್ಧವನ್ನು ಮೊದಲು ನೋಡೋಣ. 1976ರ ಆಗಸ್ಟ್ ಕೊನೆಗೆ ಆಗಿನ ಜೈರ್, ಅಂದರೆ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಯಾಂಬುಕು ಎಂಬಲ್ಲಿ ಎಬೋಲಾ ಕಾಣಿಸಿತು. ಕಾಂಗೋ ನದಿಯ ದಂಡೆಯ ಬುಂಬಾ ಪಟ್ಟಣದಿಂದ ಸುಮಾರು 100 ಕಿ.ಮೀ. ಒಳಗೆ, ಕಾಡಿನ ನಡುವೆ ಇದ್ದ ಮಿಷನ್ ಆಸ್ಪತ್ರೆ ಅದು. 318 ಮಂದಿಗೆ ರೋಗ ತಗುಲಿ 280 ಮಂದಿ ಸತ್ತರು. ಆಮೇಲೆ ತನಿಖಾ ತಂಡ 550 ಹಳ್ಳಿಗಳಲ್ಲಿ ವಿಚಾರಿಸಿದಾಗ ರೋಗ ಸಿಕ್ಕಿದ್ದು 55ರಲ್ಲಿ ಮಾತ್ರ. ಆ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆಲ್ಲ ಸೇರಿ ದಿನಕ್ಕೆ 5 ಸಿರಿಂಜು, ಒಬ್ಬರಿಗೆ ಚುಚ್ಚಿ ನೀರಿನಲ್ಲಿ ಜಾಲಾಡಿಸಿ ಇನ್ನೊಬ್ಬರಿಗೆ. ರೋಗ ಹಬ್ಬಿದ್ದೇ ಹೆಚ್ಚಾಗಿ ಆ ಸೂಜಿಗಳಿಂದ. 17 ಸಿಬ್ಬಂದಿಯಲ್ಲಿ 11 ಮಂದಿ ಸತ್ತು ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಹೊಸ ರೋಗಿಗಳು ಕಡಿಮೆಯಾಗುತ್ತ ಬಂದರು. ಸಿಡುಬಿನ ಕಾಲದಲ್ಲಿ ಕಲಿತಿದ್ದ ಹಳ್ಳಿಗರು ತಾವೇ ಹಾದಿಗಳಿಗೆ ಅಡ್ಡಗಟ್ಟೆ ಹಾಕಿದ್ದರು. ಹಾದಿ ಇಲ್ಲದಿರುವುದು ಅಲ್ಲಿ ಸಹಾಯ ಮಾಡಿತು ಎನ್ನುವುದನ್ನು ಅಲ್ಲಗಳೆಯಲಾಗದು.

ಆದರೆ ಅದೇ ಘಟನೆಯನ್ನು ನೆರವಿನ ಕಡೆಯಿಂದ ನೋಡಿ. ರೋಗ ಶುರುವಾದದ್ದು ಆಗಸ್ಟ್ ಕೊನೆಗೆ. ರಕ್ತದ ಮಾದರಿ ಒಂದು ಥರ್ಮಾಸ್‌ನಲ್ಲಿ, ಅರ್ಧ ಕರಗಿದ ಮಂಜುಗಡ್ಡೆಯ ನಡುವೆ ವಿಮಾನದಲ್ಲಿ ಬೆಲ್ಜಿಯಂನ ಆಂಟ್ವರ್ಪ್ ತಲುಪಿತು. ಒಳಗಿದ್ದ ಎರಡು ಗಾಜಿನ ನಳಿಕೆಗಳಲ್ಲಿ ಒಂದು ಹಾದಿಯಲ್ಲೇ ಒಡೆದಿತ್ತು. ಇದು ಹೊಸ ವೈರಸ್ ಎಂದು ಗೊತ್ತಾಗುವಾಗ ಅಕ್ಟೋಬರ್ ನಡುಭಾಗ. ಹೊರಗಿನ ವೈದ್ಯರ ತಂಡ ಯಾಂಬುಕು ಮುಟ್ಟುವ ಹೊತ್ತಿಗೆ ಸಾಯುವವರಲ್ಲಿ ಹೆಚ್ಚಿನವರು ಸತ್ತಾಗಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ರೋಗ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಒಬ್ಬ ಮನುಷ್ಯ ಒಂದು ಸಲ, ಒಂದೇ ದಿಕ್ಕಿನಲ್ಲಿ ಹೋದರೆ ಸಾಕು. ಎಬೋಲಾಕ್ಕೆ ಸೋಂಕು ತಗುಲಿ ಜ್ವರ ಬರುವವರೆಗೆ 2ರಿಂದ 21 ದಿನ ಇರುತ್ತದೆ. ಅಷ್ಟರಲ್ಲಿ ನಡೆದುಕೊಂಡು ಹೋದರೂ ಎಲ್ಲಿಗಾದರೂ ಮುಟ್ಟಬಹುದು. ಆದರೆ ರೋಗ ತಡೆಯುವವರ ಓಡಾಟ ಎರಡೂ ದಿಕ್ಕಿಗೆ, ಅದೂ ಮತ್ತೆ ಮತ್ತೆ. ಸುದ್ದಿ ಹೊರಗೆ ಬರಬೇಕು, ತಂಡ ಒಳಗೆ ಹೋಗಬೇಕು, ಮಾದರಿ ಹೊರಗೆ ಬರಬೇಕು, ಫಲಿತಾಂಶ ಒಳಗೆ ಹೋಗಬೇಕು, ಲಸಿಕೆ ತಂಪು ಕೆಡದೆ ಹೋಗಬೇಕು, ಸಂಪರ್ಕಕ್ಕೆ ಬಂದವರ ಮನೆಗೆ 21 ದಿನ ದಿನಾಲು ಹೋಗಬೇಕು. ಕೆಟ್ಟ ರಸ್ತೆ ರೋಗವನ್ನು ಒಂದು ಸಲ ತಡಮಾಡಿದರೆ ನೆರವನ್ನು ಹತ್ತು ಸಲ ತಡಮಾಡುತ್ತದೆ. ಹಾಗಾಗಿ ಸಂಪರ್ಕ ಕಡಿಮೆ ಇರುವ ಜಾಗದಲ್ಲಿ ಗೆಲ್ಲುವುದು ಸಾಮಾನ್ಯವಾಗಿ ರೋಗವೇ.

ತಡವಾಗುವುದರ ಬೆಲೆ ಏನು ಎನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ಪಶ್ಚಿಮ ಆಫ್ರಿಕಾದ 2014ರ ಎಬೋಲಾದಲ್ಲಿ ಮೊದಮೊದಲು ರೋಗಿಗಳ ಸಂಖ್ಯೆ ಇಮ್ಮಡಿಯಾಗಲು ದೇಶಕ್ಕೆ ತಕ್ಕಂತೆ ಸುಮಾರು 2ರಿಂದ 4 ವಾರ ಹಿಡಿಯುತ್ತಿತ್ತು. 3 ವಾರ ಎಂದು ಹಿಡಿಯಿರಿ. ಇವತ್ತು 5 ರೋಗಿಗಳಿದ್ದಾರೆ. 9 ವಾರ ತಡವಾದರೆ 5 ಹತ್ತಾಗಿ, ಇಪ್ಪತ್ತಾಗಿ, 40 ಆಗುತ್ತದೆ. ಪ್ರತಿ ರೋಗಿಯ ಹತ್ತಿರ ಸುಳಿದವರು 20 ಮಂದಿ ಎಂದರೆ, ಮೊದಲೇ ಹಿಡಿದಿದ್ದರೆ 100 ಮಂದಿಯನ್ನು 21 ದಿನ ನೋಡಬೇಕಿತ್ತು, ಅಂದರೆ 2,100 ಭೇಟಿ. ತಡವಾದ ಮೇಲೆ 800 ಮಂದಿ, 16,800 ಭೇಟಿ. ಒಬ್ಬ ಕಾರ್ಯಕರ್ತ ಬೈಕ್ ಮೇಲೆ ದಿನಕ್ಕೆ 10 ಮನೆ ಮುಟ್ಟಬಲ್ಲ ಎಂದರೆ ಮೊದಲನೆಯದಕ್ಕೆ 10 ಜನ, 10 ಬೈಕು ಸಾಕಾಗುತ್ತಿತ್ತು. ಎರಡನೆಯದಕ್ಕೆ 80 ಬೈಕು, ಅವಕ್ಕೆಲ್ಲ 21 ದಿನದ ಪೆಟ್ರೋಲ್. ರಸ್ತೆ ಕೆಟ್ಟಿದ್ದರೆ ದಿನಕ್ಕೆ 10 ಮನೆ 4ಕ್ಕೆ ಇಳಿಯುತ್ತದೆ, 80 ಹೋಗಿ 200 ಆಗುತ್ತದೆ.

ಇದು ಬರೀ ಕಾಗದದ ಮೇಲಿನ ಲೆಕ್ಕ ಎಂದುಕೊಳ್ಳಬೇಡಿ. 2013ರ ಡಿಸೆಂಬರಿನಲ್ಲಿ ಗಿನಿ ದೇಶದ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಒಂದು ಪುಟ್ಟ ಕೂಸಿಗೆ ಬಂದ ರೋಗ ಎಬೋಲಾ ಎಂದು ಖಚಿತವಾದದ್ದು 2014ರ ಮಾರ್ಚ್‌ನಲ್ಲಿ, ಅದೂ ಫ್ರಾನ್ಸಿನ ಪ್ರಯೋಗಾಲಯದಲ್ಲಿ. ಮಧ್ಯೆ ಸುಮಾರು 3 ತಿಂಗಳು ಕಾಲರಾ ಇರಬಹುದು, ಬೇರೇನೋ ಇರಬಹುದು ಎಂಬ ಊಹೆಯಲ್ಲೇ ಕಳೆಯಿತು. ಆ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರೇ 49 ರೋಗಿಗಳು, 29 ಸಾವು. ಮೆಲಿಯಾಂಡು ಇರುವ ಗೆಕೆಡು ಪ್ರದೇಶ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರೂ ಕೂಡುವ ಮೂಲೆ. ಗಡಿಯ ಮೂರೂ ಕಡೆ ಕಿಸ್ಸಿ ಭಾಷೆಯ ಒಂದೇ ಬಳಗ. ಸಂತೆಗೆ, ಮದುವೆಗೆ, ಮಣ್ಣಿಗೆ ಜನ ಗಡಿ ದಾಟಿ ಓಡಾಡುತ್ತಾರೆ. ಅವರ ಓಡಾಟಕ್ಕೆ ಕಾಲುಹಾದಿ, ದೋಣಿ, ಬೈಕ್ ಸಾಕಾಯಿತು. ಪ್ರಯೋಗಾಲಯಕ್ಕೆ, ಆಂಬುಲೆನ್ಸಿಗೆ ಅಷ್ಟು ಸಾಕಾಗಲಿಲ್ಲ. ಕೊನೆಗೆ 28,600ಕ್ಕೂ ಹೆಚ್ಚು ರೋಗಿಗಳು, 11,300ಕ್ಕೂ ಹೆಚ್ಚು ಸಾವು.

ಅದೇ ವರ್ಷ ಜುಲೈ 20ರಂದು ರೋಗ ವಿಮಾನದಲ್ಲಿ ಲೈಬೀರಿಯಾದಿಂದ ನೈಜೀರಿಯಾದ ಲಾಗೋಸ್ ನಗರಕ್ಕೂ ಬಂತು. ಕೋಟಿಗೂ ಮೀರಿದ ಜನ, ಎಲ್ಲ ದಿಕ್ಕಿಗೂ ರಸ್ತೆ, ಇನ್ನು ದೇವರೇ ಗತಿ ಎಂದು ಎಲ್ಲರೂ ಹೆದರಿದ್ದರು. ಆದರೆ ರೋಗಿ ಇಳಿದದ್ದು ದೊಡ್ಡ ಊರಿನಲ್ಲಿ, ಸೇರಿದ್ದು ಎಚ್ಚರಿದ್ದ ವೈದ್ಯರ ಕೈಗೆ, ಪ್ರಯೋಗಾಲಯವೂ ಅದೇ ಊರಿನಲ್ಲಿತ್ತು. ಪೋಲಿಯೊ ಕೆಲಸಕ್ಕೆ ಕಟ್ಟಿದ್ದ ತಂಡವನ್ನೇ ಇದಕ್ಕೆ ತಿರುಗಿಸಿದರು. 894 ಸಂಪರ್ಕಿತರು, ಸುಮಾರು 18,500 ಮನೆಭೇಟಿ. 20 ರೋಗಿಗಳಿಗೆ, 8 ಸಾವಿಗೆ ರೋಗ ನಿಂತಿತು. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾ ಮುಕ್ತ ಎಂದು ಘೋಷಣೆಯಾಯಿತು. ಸಂಪರ್ಕ ಹೆಚ್ಚಿದ್ದಲ್ಲಿ ರೋಗ ಬೇಗ ಬಂತು, ಬೇಗ ಸಿಕ್ಕಿಬಿತ್ತು.

ಮಾದರಿ ಸಾಗಿಸುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದಿನಗಳು ಕಳೆದುಹೋಗುವುದು ಹೆಚ್ಚಾಗಿ ಇಲ್ಲಿಯೇ. ಶಂಕಿತ ರೋಗಿಯ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಪ್ಲಾಸ್ಟಿಕ್ ನಳಿಕೆಗೆ ತೆಗೆಯುತ್ತಾರೆ. ಗಾಜು ಬೇಡ, ಹಾದಿಯಲ್ಲಿ ಒಡೆಯುತ್ತದೆ. ನಳಿಕೆಯ ಸುತ್ತ ಸೋರಿದ್ದನ್ನು ಹೀರುವ ಹತ್ತಿ ಅಥವಾ ಕಾಗದ, ಅದರ ಮೇಲೆ ಸೋರದ ಎರಡನೇ ಡಬ್ಬಿ, ಅದರ ಹೊರಗೆ ಗಟ್ಟಿ ಪೆಟ್ಟಿಗೆ. ಹೀಗೆ ಮೂರು ಪದರ. ನಡುವೆ ಐಸ್ ಪ್ಯಾಕ್, 2ರಿಂದ 8 ಡಿಗ್ರಿ ತಂಪು. ಕಾಗದಪತ್ರ ಎರಡನೇ ಡಬ್ಬಿಯ ಹೊರಗೆ ಇರಬೇಕು. ಒಳಗಿಟ್ಟರೆ ಹೆಸರು ಓದುವ ಮೊದಲೇ ಡಬ್ಬಿ ಬಿಚ್ಚಬೇಕಾಗುತ್ತದೆ. ವಿಮಾನದಲ್ಲಾದರೆ ಇದು ಅಪಾಯಕಾರಿ ವಸ್ತುಗಳಲ್ಲೇ ಮೇಲಿನ ದರ್ಜೆ, ಎಲ್ಲ ವಿಮಾನಗಳೂ ಒಯ್ಯುವುದಿಲ್ಲ.

ಇಷ್ಟೆಲ್ಲ ಮಾಡಿ ಕಳಿಸಿದ ಮಾದರಿಯಲ್ಲಿ ವೈರಸ್ ಕಾಣದಿದ್ದರೂ ಕೆಲಸ ಮುಗಿಯುವುದಿಲ್ಲ. ಜ್ವರ ಬಂದು 72 ತಾಸು ಆಗುವ ಮೊದಲು ತೆಗೆದ ರಕ್ತದಲ್ಲಿ ವೈರಸ್ ಇನ್ನೂ ಸಾಕಷ್ಟು ಇರದೇ ಹೋಗಬಹುದು. ಆದ್ದರಿಂದ ಇಲ್ಲ ಎಂದು ಬಂದರೆ 72 ತಾಸು ಕಳೆದ ಮೇಲೆ ಮತ್ತೊಮ್ಮೆ ತೆಗೆದು ಮತ್ತೊಮ್ಮೆ ಕಳಿಸಬೇಕು. ರಸ್ತೆ ಇರುವ ಕಡೆ ಇದು ಇನ್ನೊಂದು ದಿನದ ಮಾತು. ದೋಣಿಯಲ್ಲಿ ಕಳಿಸುವ ಕಡೆ ಇನ್ನೊಂದು ವಾರದ ಮಾತು. ಆ ವಾರ ಪೂರ್ತಿ ರೋಗಿಯನ್ನು ಬೇರೆ ಇಡಬೇಕು, ಮನೆಯವರನ್ನು ಒಪ್ಪಿಸಬೇಕು. ಜನರ ನಂಬಿಕೆ ಹೋಗುವುದೂ ಹೀಗೆ ಕಾಯಿಸಿದಾಗಲೇ. ಕರೆದುಕೊಂಡು ಹೋದರು, ಏನೂ ಹೇಳಲಿಲ್ಲ, ಹೆಣ ಬಂತು ಎಂದರೆ ಮುಂದಿನ ರೋಗಿಯನ್ನು ಮನೆಯವರು ಬಚ್ಚಿಡುತ್ತಾರೆ.

ಇದಕ್ಕೆ ಸಿಕ್ಕಿರುವ ಒಳ್ಳೆಯ ಉತ್ತರ ಜೀನ್‌ಎಕ್ಸ್‌ಪರ್ಟ್ ಯಂತ್ರ. ನಮ್ಮಲ್ಲಿ ಕ್ಷಯದ ಕಫ ಪರೀಕ್ಷೆಗೆ ಬಳಸುವ ಅದೇ ಯಂತ್ರ, ಮಾದರಿ ಹಾಕುವ ಡಬ್ಬಿ (ಕಾರ್ಟ್ರಿಡ್ಜ್) ಮಾತ್ರ ಬೇರೆ. ಸುಮಾರು ಎರಡು ತಾಸಿನಲ್ಲಿ ಫಲಿತಾಂಶ ಬರುತ್ತದೆ, ರಾಜಧಾನಿಗೆ ಕಳಿಸುವ ತಾಪತ್ರಯ ತಪ್ಪುತ್ತದೆ. ಆದರೆ ಯಂತ್ರ ಇರುವ ಕೋಣೆ 30 ಡಿಗ್ರಿ ಮೀರಬಾರದು, ಕರೆಂಟ್ ನಡುವೆ ಹೋಗಬಾರದು. ಯುಪಿಎಸ್, ಜನರೇಟರ್, ಡೀಸೆಲ್, ಎಸಿ ಇಲ್ಲದೆ ಯಂತ್ರ ಮಾತ್ರ ಕಳಿಸಿದರೆ ಅದು ಮೂಲೆಯಲ್ಲಿ ಕೂರುತ್ತದೆ.

ಸುಧಾರಣೆ ಆಗಿಲ್ಲವೆಂದಲ್ಲ. 2025ರಲ್ಲಿ ಕಾಂಗೋದ ಕಸಾಯ್ ಪ್ರಾಂತ್ಯದ ಬುಲಾಪೆ ಎಂಬ ದೂರದ ಊರಿನಲ್ಲಿ ಎಬೋಲಾ ಬಂತು. ಮೊದಲ ರೋಗಿ ಆಸ್ಪತ್ರೆ ಸೇರಿದ್ದು ಆಗಸ್ಟ್ 20ಕ್ಕೆ. ರಾಜಧಾನಿ ಕಿನ್ಶಾಸಾದ ರಾಷ್ಟ್ರೀಯ ಪ್ರಯೋಗಾಲಯ ಖಚಿತಪಡಿಸಿದ್ದು ಸೆಪ್ಟೆಂಬರ್ 3ಕ್ಕೆ, ಮಾರನೇ ದಿನ ಘೋಷಣೆ. ಎರಡು ವಾರ. 64 ರೋಗಿಗಳು, 45 ಸಾವಿಗೆ ನಿಂತು ಡಿಸೆಂಬರ್ 1ಕ್ಕೆ ಮುಗಿಯಿತು. 2014ರ ಮೂರು ತಿಂಗಳ ಪಕ್ಕದಲ್ಲಿ ಈ ಎರಡು ವಾರ ಇಟ್ಟು ನೋಡಿ. ಆ ದೇಶ ಎಂಥದ್ದು ಎಂಬುದೂ ನೆನಪಿರಲಿ. ವಿಸ್ತೀರ್ಣ ಸುಮಾರು 23 ಲಕ್ಷ ಚದರ ಕಿ.ಮೀ., ನಮ್ಮ ಕರ್ನಾಟಕದಂಥವು 12 ಹಿಡಿಸುತ್ತವೆ. ಡಾಂಬರು ರಸ್ತೆ ತೀರ ಕಡಿಮೆ. ಕಿನ್ಶಾಸಾದಿಂದ ಒಳನಾಡಿನ ಕಿಸಂಗಾನಿಗೆ ಸರಕು ಹೋಗುವುದು ನದಿಯಲ್ಲಿ, ಸುಮಾರು 1,700 ಕಿ.ಮೀ., ಬಾರ್ಜಿನಲ್ಲಿ ವಾರಗಟ್ಟಲೆ.

ಅಲ್ಲಿಯ ಮಣ್ಣಿನ ರಸ್ತೆ ಹೇಗಿರುತ್ತದೆ ಎಂದು ನಮ್ಮ ಭಾಗದವರಿಗೆ ಹೇಳುವುದು ಸುಲಭ. ನವಲಗುಂದ, ನರಗುಂದ, ರೋಣದ ಯರಿ ಹೊಲದ ಹಾದಿಯಲ್ಲಿ ಮಳೆ ಬಿದ್ದ ಮೇಲೆ ಬೈಕ್ ಓಡಿಸಿದವರಿಗೆ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಗಾಲಿ ತಿರುಗದೆ ನಿಲ್ಲುವುದು ಗೊತ್ತಿದೆ. ಲಸಿಕೆ ಪೆಟ್ಟಿಗೆ ಕಟ್ಟಿಕೊಂಡು 100 ಕಿ.ಮೀ. ಅಂಥ ಹಾದಿ. 2018ರಲ್ಲಿ ಕಾಂಗೋದ ಈಕ್ವೇಟರ್ ಪ್ರಾಂತ್ಯದ ಬಿಕೋರೊ, ಇಬೋಕೊ ಕಡೆ ಎಬೋಲಾ ಬಂದಾಗ ತಂಡಗಳು ಎಂಬಂಡಾಕಾ ಪಟ್ಟಣದಿಂದ ಹೀಗೆಯೇ ಬೈಕಿನ ಮೇಲೆ ಹೋದದ್ದು. ಆ ಲಸಿಕೆಯ ಹೆಸರು ಎರ್ವೆಬೊ, ಇಡಬೇಕಾದದ್ದು ಸೊನ್ನೆಗಿಂತ 60ರಿಂದ 80 ಡಿಗ್ರಿ ಕೆಳಗೆ. ಇದಕ್ಕೆಂದೇ ಮಾಡಿದ ಆರ್ಕ್‌ಟೆಕ್ ಪಾತ್ರೆಗಳು ಕರೆಂಟಿಲ್ಲದೆ ಸುಮಾರು 5 ದಿನ ಆ ತಂಪು ಹಿಡಿಯುತ್ತವೆ. ಒಮ್ಮೆ ಕರಗಿಸಿದರೆ 2ರಿಂದ 8 ಡಿಗ್ರಿಯಲ್ಲಿ 14 ದಿನ ಇಡಬಹುದು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಹೀಗಾಗಿ ಒಳಗೆ ಹೋಗುವ ಮೊದಲೇ ರೋಗಿಯ ಸಂಪರ್ಕದವರು ಎಷ್ಟು, ಆ ಸಂಪರ್ಕದವರ ಸಂಪರ್ಕದವರು ಎಷ್ಟು ಎಂಬ ಪಟ್ಟಿ ಸಿದ್ಧ ಇರಬೇಕು. ಪಟ್ಟಿ ಇಲ್ಲದೆ ಲಸಿಕೆ ಕರಗಿಸಿದರೆ ವ್ಯರ್ಥ, ಲಸಿಕೆ ಇಲ್ಲದೆ ಪಟ್ಟಿ ಮಾಡಿ ಹತ್ತು ದಿನ ಕಾಯಿಸಿದರೆ ಪಟ್ಟಿಯ ಜನ ಚದುರಿರುತ್ತಾರೆ. ಆ ಸಲ ಘೋಷಣೆ ಮೇ 8ಕ್ಕೆ ಆಯಿತು, ಲಸಿಕೆ ಮೇ 21ಕ್ಕೆ ಶುರುವಾಯಿತು. 54 ರೋಗಿಗಳು, 33 ಸಾವಿಗೆ ಜುಲೈನಲ್ಲಿ ಮುಗಿಯಿತು. ಎಂಬಂಡಾಕಾ ಕಾಂಗೋ ನದಿಯ ಬಂದರು. ಅಲ್ಲಿಂದ ಕಿನ್ಶಾಸಾಕ್ಕೆ ದೋಣಿ ಇಳಿಯುತ್ತವೆ. ಆ ಬೈಕ್ ತಂಡಗಳು ಇನ್ನೂ ಎರಡು ವಾರ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಎದೆ ನಡುಗುತ್ತದೆ.

ಎಬೋಲಾಕ್ಕೆ ಹೆಸರಿದೆ, ಹೆದರಿಕೆಯಿದೆ, ಹಾಗಾಗಿ ಹಣ ಬರುತ್ತದೆ. ಹಾದಿ ಇಲ್ಲದ ಊರುಗಳಲ್ಲಿ ಮಕ್ಕಳನ್ನು ಇದಕ್ಕಿಂತ ಹೆಚ್ಚು ಕೊಲ್ಲುವುದು ದಡಾರ, ನಮ್ಮ ಕಡೆ ಗೊಬ್ಬರ ಅನ್ನುತ್ತಾರಲ್ಲ, ಅದೇ. ಕಾಂಗೋದಲ್ಲಿ 2019ರಲ್ಲಿ ಶುರುವಾದ ದಡಾರದ ಹಾವಳಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು, 6,000ಕ್ಕೂ ಹೆಚ್ಚು ಸಾವು. ಅದೇ ಕಾಲಕ್ಕೆ ಅದೇ ದೇಶದ ಪೂರ್ವ ಭಾಗದಲ್ಲಿ ಎರಡು ವರ್ಷ ಇದ್ದ ಎಬೋಲಾದಿಂದ ಸತ್ತವರು 2,287.

ದಡಾರದ ಲೆಕ್ಕ ಬೇರೆ. ಅದು ಒಂದು ಊರಿನಲ್ಲಿ ಸದಾ ಉಳಿಯಬೇಕಾದರೆ ದಿನಾಲು ಹೊಸ ಕೂಸುಗಳು ಬೇಕು. ಸುಮಾರು 3ರಿಂದ 5 ಲಕ್ಷ ಜನಸಂಖ್ಯೆ ಇದ್ದರೆ ಮಾತ್ರ ಅದು ನಿರಂತರ ಇರಬಲ್ಲದು. ಸಣ್ಣ, ಒಂಟಿ ಊರಿಗೆ ಬಂದರೆ ಕೆಲವು ವಾರಗಳಲ್ಲಿ ಎಲ್ಲರಿಗೂ ತಗುಲಿ ತಾನೇ ಆರುತ್ತದೆ, ಆಮೇಲೆ ವರ್ಷಗಟ್ಟಲೆ ಬರುವುದಿಲ್ಲ. ಒಳ್ಳೆಯದೇ ಆಯಿತಲ್ಲ ಎನಿಸಬಹುದು. ಆದರೆ ಆ ವರ್ಷಗಳಲ್ಲಿ ಹುಟ್ಟಿದ ಒಂದೊಂದು ಕೂಸೂ ರಕ್ಷಣೆ ಇಲ್ಲದೆ ಬೆಳೆಯುತ್ತದೆ. ಲಸಿಕೆಯೂ ಮುಟ್ಟದ ಊರಾಗಿದ್ದರೆ ರೋಗ ಮತ್ತೆ ಒಳಗೆ ಬಂದ ದಿನ ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳೆಲ್ಲ ಒಟ್ಟಿಗೆ ಮಲಗುತ್ತಾರೆ. ಆರೈಕೆ ಮಾಡುವವರೂ ಉಳಿಯುವುದಿಲ್ಲ. ಇದನ್ನು ಮೊದಲು ಅಚ್ಚುಕಟ್ಟಾಗಿ ದಾಖಲಿಸಿದ್ದು ಯುರೋಪಿನ ಫಾರೋ ದ್ವೀಪಗಳಲ್ಲಿ. 65 ವರ್ಷ ದಡಾರವೇ ಇರಲಿಲ್ಲ. 1846ರಲ್ಲಿ ಒಂದು ಹಡಗಿನ ಜೊತೆ ಬಂದಾಗ 7,800ರಷ್ಟು ಜನರಲ್ಲಿ 6,000ಕ್ಕೂ ಹೆಚ್ಚು ಮಂದಿಗೆ ತಗುಲಿತು. 1781ರ ಹಾವಳಿಯಲ್ಲಿ ಬಂದುಹೋಗಿದ್ದ ಮುದುಕರು ಮಾತ್ರ ಪಾರಾದರು. ಒಂಟಿಯಾಗಿರುವ ಊರು ಸಾಲವನ್ನು ಮುಂದೂಡುತ್ತದೆ, ಬಡ್ಡಿ ಸೇರಿಸಿ ಒಂದೇ ಸಲ ಕಟ್ಟುತ್ತದೆ.

ಲಸಿಕೆ ಯಾಕೆ ಮುಟ್ಟುವುದಿಲ್ಲ? ಹಲವೆಡೆ ದಡಾರದ ಒಂದು ಸೀಸೆಯಲ್ಲಿ 10 ಡೋಸ್. ಪುಡಿಗೆ ದ್ರವ ಬೆರೆಸಿದ ಮೇಲೆ 6 ತಾಸಿನೊಳಗೆ ಬಳಸಬೇಕು. ನಮ್ಮ ದೇಶದ ನಿಯಮದಲ್ಲಿ 4 ತಾಸು. ಮೀರಿದರೆ ಚೆಲ್ಲಬೇಕು, ಅದರಲ್ಲಿ ರೋಗಾಣು ಬೆಳೆದು ಕೂಸಿನ ಜೀವಕ್ಕೆ ಅಪಾಯ. ಇಬ್ಬರೇ ಕೂಸುಗಳು ಬಂದಿದ್ದರೆ ನರ್ಸ್ 8 ಡೋಸ್ ಹಾಳಾಗುತ್ತದೆಂದು ಸೀಸೆ ಒಡೆಯುವುದಿಲ್ಲ, ಮುಂದಿನ ವಾರ ಬನ್ನಿ ಅನ್ನುತ್ತಾಳೆ. ಪಕ್ಕದ ಓಣಿಯ ತಾಯಿ ಮತ್ತೆ ಬರುತ್ತಾಳೆ. 15 ಕಿ.ಮೀ. ಕೂಸು ಹೊತ್ತು ನಡೆದು ಬಂದವಳು ಬರುವುದಿಲ್ಲ. ದೂರದ ಊರುಗಳಲ್ಲಿ ಎರಡು ಕೂಸಿಗೂ ಸೀಸೆ ಒಡೆಯಿರಿ ಎಂಬ ಆದೇಶ ಬರೆದುಕೊಡಬೇಕು, ಹಾಳಾದ ಡೋಸಿಗೆ ನರ್ಸಿನಿಂದ ವಿವರಣೆ ಕೇಳಬಾರದು. ಇನ್ನೊಂದು ತಪ್ಪು ಐಸ್ ಪ್ಯಾಕಿನದು. ದೂರದ ಹಾದಿ ಎಂದು ಗಟ್ಟಿ ಹೆಪ್ಪುಗಟ್ಟಿದ ಪ್ಯಾಕನ್ನು ನೇರ ಕ್ಯಾರಿಯರ್‌ಗೆ ಹಾಕಿಬಿಡುತ್ತಾರೆ. ಐದು ರೋಗಕ್ಕೆ ಒಂದೇ ಆದ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟವು ಎಂದೇ ಲೆಕ್ಕ. ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆಯೇ ಕ್ಯಾರಿಯರ್‌ಗೆ ಹಾಕಬೇಕು.

ನೈಜರ್ ದೇಶದಲ್ಲಿ ದಡಾರಕ್ಕೆ ಕಾಲವೇ ಗೊತ್ತುಪಡಿಸಿದಂತಿದೆ. ಮಳೆಗಾಲದಲ್ಲಿ ಜನ ಹೊಲದಲ್ಲಿ, ಸುಗ್ಗಿ ಮುಗಿದ ಮೇಲೆ ದುಡಿಯಲು ನಿಯಾಮೆ, ಮರಾಡಿ, ಜಿಂಡರ್ ನಗರಗಳಿಗೆ. ಉಪಗ್ರಹ ತೆಗೆದ ರಾತ್ರಿಯ ಚಿತ್ರಗಳಲ್ಲಿ ನಗರದ ದೀಪಗಳು ಹೆಚ್ಚಾದ ತಿಂಗಳುಗಳಲ್ಲೇ ದಡಾರವೂ ಏರಿದ್ದನ್ನು 2011ರಲ್ಲಿ ಸಂಶೋಧಕರು ತೋರಿಸಿದರು. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳ ಕೂಸುಗಳಿಗೂ ಎರಡನೇ ಡೋಸ್ ತಪ್ಪುವುದು ಇದೇ ರೀತಿ. ಗುಳೆ ಹೋಗುವ ಮೊದಲು ಸೂಜಿ ಹಾಕುವುದು ಎರಡೂ ಕಡೆಗೆ ಸರಿಹೊಂದುವ ಮದ್ದು.

ಕಾಲರಾ ವಿಷಯದಲ್ಲಿ ದೂರ ಎನ್ನುವುದು ತೂಕದ ಪ್ರಶ್ನೆಯಾಗುತ್ತದೆ. ಆಫ್ರಿಕಾಕ್ಕೆ ಈಗಿನ ಕಾಲರಾ ಬಂದದ್ದು 1970ರಲ್ಲಿ. ಅಲ್ಲಿಂದ ಈಚೆಗೆ ಹೊರಗಿನಿಂದ ಕನಿಷ್ಠ 11 ಸಲ ಹೊಸದಾಗಿ ಬಂದಿದೆ ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. ತೀವ್ರ ಕಾಲರಾಕ್ಕೆ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಸಾಯಬಹುದು, ಅದೂ ತಾಸುಗಳ ಲೆಕ್ಕದಲ್ಲಿ. ಸಿಕ್ಕರೆ 100ಕ್ಕೆ ಒಬ್ಬರೂ ಸಾಯಬಾರದು. ಮುಖ್ಯ ಮದ್ದು ಅಂದರೆ ನೀರು, ಉಪ್ಪು, ಸಕ್ಕರೆ. ಪೂರ್ತಿ ಬತ್ತಿದ ರೋಗಿಗೆ ಪ್ರತಿ ಕಿಲೋ ತೂಕಕ್ಕೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ರಕ್ತನಾಳಕ್ಕೆ ಕೊಡಬೇಕು. ದೊಡ್ಡವರಿಗೆ ಮೊದಲ ಅರ್ಧ ತಾಸಿನಲ್ಲಿ 30, ಮುಂದಿನ ಎರಡೂವರೆ ತಾಸಿನಲ್ಲಿ 70. 50 ಕಿಲೋ ಮನುಷ್ಯನಿಗೆ ಮೊದಲ ಮೂರು ತಾಸಿಗೇ 5 ಲೀಟರ್. ಅಂಥ 20 ರೋಗಿಗಳಿದ್ದರೆ 100 ಲೀಟರ್, ಅಂದರೆ 100 ಕಿಲೋ. ಆ ಹಾದಿಯಲ್ಲಿ ಬೈಕ್ ಹೊರುವುದು 40-50 ಕಿಲೋ. ಸಲೈನ್ ಹೊತ್ತು ಒಳಗೆ ಹೋಗುವುದು ಕಷ್ಟ, ರೋಗಿಯನ್ನು ಹೊತ್ತು ಹೊರಗೆ ತರುವಷ್ಟು ಹೊತ್ತೂ ಇರುವುದಿಲ್ಲ. ಆದ್ದರಿಂದ ಹಗುರವಾದದ್ದನ್ನು ಮೊದಲೇ ಊರಲ್ಲಿ ಇಡಬೇಕು. ಓಆರ್‌ಎಸ್ ಪಾಕೀಟು ಒಂದಕ್ಕೆ ಸುಮಾರು 20 ಗ್ರಾಂ, ಒಂದು ಲೀಟರ್ ಶುದ್ಧ ನೀರಿಗೆ ಒಂದು. 5 ಕಿಲೋ ಚೀಲದಲ್ಲಿ 250 ಲೀಟರಿನ ಮದ್ದು. ಊರಲ್ಲೇ ಒಬ್ಬರಿಗೆ ಕಲಿಸಿ ಮೊದಲ ಭೇದಿಯಿಂದಲೇ ಕುಡಿಸುವ ವ್ಯವಸ್ಥೆ ಇದ್ದರೆ ಹೆಚ್ಚಿನವರು ಸಲೈನ್ ಬೇಕಾಗುವ ಸ್ಥಿತಿಗೇ ಹೋಗುವುದಿಲ್ಲ.

ಇದೇ ಜಾಡಿನಲ್ಲಿ ನಿದ್ರಾ ರೋಗದ ಕತೆ ಸಮಾಧಾನ ತರುವಂಥದ್ದು. ಟ್ಸೆಟ್ಸೆ ನೊಣದಿಂದ ಬರುವ ಈ ರೋಗ ಉಳಿದುಕೊಂಡದ್ದೇ ಹಾದಿ ಇಲ್ಲದ ಮೂಲೆಗಳಲ್ಲಿ. ಹಿಂದೆ ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷಿಸಿ, ಪೆಟ್ಟಿಗೆಗಟ್ಟಲೆ ಬಾಟಲಿ ಸಾಗಿಸಿ ಆಸ್ಪತ್ರೆಯಲ್ಲಿ ಮಲಗಿಸಿ ಏರಿಸಬೇಕಿತ್ತು. 2018ರಲ್ಲಿ ಒಪ್ಪಿಗೆ ಸಿಕ್ಕ ಫೆಕ್ಸಿನಿಡಜೋಲ್ 10 ದಿನದ ಗುಳಿಗೆ. ಬೈಕಿನ ಮೇಲೆ ಹೋಗುವ ಪುಟ್ಟ ತಂಡಗಳೂ ಈಗ ಊರೂರಿಗೆ ಹೋಗಿ ಪರೀಕ್ಷಿಸುತ್ತವೆ. 2018ರಿಂದ ಈಚೆಗೆ ವರ್ಷದ ರೋಗಿಗಳ ಸಂಖ್ಯೆ 1,000ದ ಕೆಳಗಿದೆ. ರಸ್ತೆ ಕಟ್ಟುವವರೆಗೆ ಕಾಯದೆ ಮದ್ದನ್ನೇ ಹಾದಿಗೆ ತಕ್ಕಂತೆ ಬದಲಿಸಿದ್ದು ಇದು.

ಇಷ್ಟೆಲ್ಲ ಹೇಳಿದ ಮೇಲೆ, ಸಾರಿಗೆ ರೋಗವನ್ನು ಹೊತ್ತೊಯ್ಯುತ್ತದೆ ಎಂಬುದನ್ನೂ ಮರೆಮಾಚಬಾರದು. ಎಚ್‌ಐವಿ 1920ರ ಸುಮಾರಿಗೆ ಕಿನ್ಶಾಸಾದಲ್ಲಿ ನೆಲೆಯೂರಿ, ಬೆಲ್ಜಿಯನ್ನರು ಗಣಿಗಳಿಗಾಗಿ ಹಾಕಿದ ರೈಲು ಹಳಿಗಳ ಗುಂಟ ಎಂಬುಜಿ-ಮಾಯಿ, ಲುಬುಂಬಾಶಿಗಳಿಗೆ ಹೋಯಿತೆಂದು 2014ರ ವಂಶವಾಹಿ ಅಧ್ಯಯನ ತೋರಿಸಿದೆ. 1918ರ ಇನ್‌ಫ್ಲುಯೆಂಜಾ ಸಿಯೆರಾ ಲಿಯೋನಿನ ಫ್ರೀಟೌನ್ ಬಂದರಿನಲ್ಲಿ ಇಳಿಯಿತು, ಅಲ್ಲಿಗೆ ಬಂದುಹೋದ ಹಡಗುಗಳಲ್ಲಿ ಕೇಪ್‌ಟೌನ್ ಮುಟ್ಟಿ ರೈಲಿನಲ್ಲಿ ಒಳನಾಡಿಗೆ ಹೋಯಿತು. ಹುಬ್ಬಳ್ಳಿಯೂ ರೈಲು ಜಂಕ್ಷನ್ ಆದ ಊರು. 1898ರ ಪ್ಲೇಗಿನಲ್ಲಿ ನರಳಿ, ಹಾಫ್‌ಕಿನ್ ಎಂಬ ವಿಜ್ಞಾನಿ ಮಾಡಿದ ಪ್ಲೇಗ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿಸಿಕೊಂಡ ಊರು. ಮಡಗಾಸ್ಕರಿನಲ್ಲಿ 2017ರ ಆಗಸ್ಟ್‌ನಲ್ಲಿ ಪ್ಲೇಗ್ ಪುಪ್ಪುಸಕ್ಕೆ ಇಳಿದಿದ್ದ 31 ವರ್ಷದ ಒಬ್ಬ, ನಮ್ಮ ಟೆಂಪೋದಂಥ ಶೇರ್ ಟ್ಯಾಕ್ಸಿಯಲ್ಲಿ ಅಂಕಜೋಬೆಯಿಂದ ರಾಜಧಾನಿ ಹಾದು ಟೊವಾಮಾಸಿನಾ ಕಡೆ ಹೊರಟು ಹಾದಿಯಲ್ಲೇ ಸತ್ತ. ಅವನ ಸಂಪರ್ಕದಿಂದ 31 ಮಂದಿಗೆ ರೋಗ ಬಂತು. ಆ ಹಾವಳಿ ಮುಗಿಯುವಾಗ 2,417 ರೋಗಿಗಳು, 209 ಸಾವು. ಅಲ್ಲಿ ದೊಡ್ಡ ಊರುಗಳ ನಡುವಿನ ಹಾದಿ ಹೆಚ್ಚಾಗಿ ರಾಜಧಾನಿ ಹಾದೇ ಹೋಗುತ್ತದೆ. ರಸ್ತೆ ಕಡಿಮೆ ಇದ್ದಾಗ ಇರುವ ಒಂದೇ ರಸ್ತೆಯಲ್ಲಿ, ಒಂದೇ ಗಾಡಿಯಲ್ಲಿ ಎಲ್ಲರೂ ಒತ್ತೊತ್ತಾಗಿ ಕೂರುತ್ತಾರೆ ಎನ್ನುವುದನ್ನು ನಕ್ಷೆ ನೋಡುವವರು ಗಮನಿಸುವುದಿಲ್ಲ.

ರಸ್ತೆ ಮಾಡುವಾಗ ಮಣ್ಣು ತೆಗೆದ ತಗ್ಗುಗಳನ್ನು ಹಾಗೇ ಬಿಟ್ಟರೆ ಅಲ್ಲಿ ನೀರು ನಿಂತು ಮಲೇರಿಯಾದ ಸೊಳ್ಳೆ ಹುಟ್ಟುತ್ತದೆ. ಗುತ್ತಿಗೆ ಪತ್ರದಲ್ಲೇ ತಗ್ಗು ಮುಚ್ಚುವ ಷರತ್ತು ಇರಬೇಕು. ಇನ್ನೊಂದು ಮಲೇರಿಯಾ ಸೊಳ್ಳೆ ನಮ್ಮ ಕಡೆಯದೇ. ಭಾರತದ ನಗರಗಳ ಟಾಕಿ, ಬ್ಯಾರಲ್ಲುಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ 2012ರಲ್ಲಿ ಪೂರ್ವ ಆಫ್ರಿಕಾದ ಜಿಬೂಟಿಯಲ್ಲಿ ಸಿಕ್ಕಿತು. ಆ ವರ್ಷ ಅಲ್ಲಿ ಮಲೇರಿಯಾ ರೋಗಿಗಳು 27. 2020ರಲ್ಲಿ 70,000ಕ್ಕೂ ಹೆಚ್ಚು. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಕಾಲ ಕಂಡ ಹುಬ್ಬಳ್ಳಿ-ಧಾರವಾಡದವರಿಗೆ ಮುಚ್ಚಳ ಇಲ್ಲದ ಟಾಕಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ವಿಮಾನ ನಿಲ್ಲಿಸಿದರೆ? 2014ರಲ್ಲಿ ಹೆಚ್ಚಿನ ವಿಮಾನ ಕಂಪನಿಗಳು ಎಬೋಲಾ ಹಬ್ಬಿದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರನ್ನೂ ಬಿಟ್ಟವು. ವೈದ್ಯರು, ಕೈಗವಸು, ಮಾದರಿಗಳು ಎಲ್ಲ ಒಂದೆರಡು ವಿಮಾನಗಳಿಗೆ ಕಾಯಬೇಕಾಯಿತು. ಗಡಿ ಮುಚ್ಚಿದ ಕಡೆ ಜನ ತಪಾಸಣೆ ಇರುವ ಹಾದಿ ಬಿಟ್ಟು ಹೊಳೆ ದಾಟಿದರು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಕೋವಿಡ್‌ನ ಹೊಸ ರೂಪವಾದ ಒಮಿಕ್ರಾನ್ ಸುದ್ದಿಯನ್ನು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸಿಕ್ಕಿದ್ದು ವಿಮಾನ ನಿಷೇಧ. ಪರೀಕ್ಷೆಯ ರಾಸಾಯನಿಕಗಳು ಬರುವುದಕ್ಕೂ ತೊಂದರೆಯಾಯಿತು. ಡಿಸೆಂಬರ್ 2ಕ್ಕೆ ಬೆಂಗಳೂರಿನಲ್ಲಿ ಎರಡು ಪ್ರಕರಣ ಸಿಕ್ಕಾಗ ವೈರಸ್ ಆಗಲೇ ಹಲವು ದೇಶಗಳಲ್ಲಿತ್ತು. ಇಂಥ ನಿಷೇಧಗಳು ಸತ್ಯ ಹೇಳುವವರಿಗೆ ಶಿಕ್ಷೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಬಂದಾಗ ನವಲಗುಂದ, ರೋಣ ತಾಲೂಕಿನ ಹಳ್ಳಿಗಳಿಗೆ ಸಂಪರ್ಕ ತಪ್ಪುತ್ತದೆ. ಹಾನಗಲ್ಲ, ಹಿರೇಕೆರೂರಿನ ಆಚೆ ಮಂಗನ ಕಾಯಿಲೆ ಮೊದಲು ಕಂಡ ಸೊರಬ ಸೀಮೆ ಇದೆ. ಕಾಂಗೋದ ಅನುಭವವನ್ನು ಇಲ್ಲಿಗೆ ತಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಮೇ ತಿಂಗಳೊಳಗೆ ಮಾಡಬೇಕಾದ ಕೆಲಸ ಹೀಗಿರುತ್ತದೆ. ಯಾವ ಊರು ಎಷ್ಟು ದಿನ ತಪ್ಪುತ್ತದೆ ಎಂದು ಹಿಂದಿನ ಮಳೆಗಾಲಗಳ ನೆನಪಿನಿಂದ ಪಟ್ಟಿ ಮಾಡಿ, ಪ್ರತಿ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್, ಸತುವಿನ ಗುಳಿಗೆ, ಬ್ಲೀಚಿಂಗ್ ಪುಡಿ ಇಡುವುದು. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ, ಹಾಕಿ ಒಂದು ತಾಸು ಬಿಟ್ಟು ನೋಡಿದಾಗ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಕಳೆದ ವರ್ಷ ಬಿಚ್ಚಿಟ್ಟ ಚೀಲ ಶಕ್ತಿ ಕಳೆದುಕೊಂಡಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ಊರುಗಳ ಕೂಸುಗಳ ಲಸಿಕೆ ಬಾಕಿಯನ್ನು ಮಳೆಗೆ ಮೊದಲೇ ತೀರಿಸುವುದು. ಜ್ವರದ ರಕ್ತ ಕಳಿಸಬೇಕಾದರೆ ಯಾವ ಹಾದಿ, ಹಳ್ಳದ ಈಚೆ ದಂಡೆಯಲ್ಲಿ ಯಾರು ಪೆಟ್ಟಿಗೆ ಇಸಿದುಕೊಳ್ಳುತ್ತಾರೆ, ಮುಂದೆ ಯಾವ ಗಾಡಿ, ಪೆಟ್ರೋಲಿನ ದುಡ್ಡು ಯಾವ ಖಾತೆಯಿಂದ, ಎಷ್ಟು ದಿನದಲ್ಲಿ ಮರಳಿ ಕೊಡುತ್ತಾರೆ ಎಂಬುದನ್ನು ಬರೆದು ಗೋಡೆಗೆ ಹಚ್ಚುವುದು. ಪೆಟ್ರೋಲಿನ ದುಡ್ಡು ಎರಡು ತಿಂಗಳು ತಡವಾದರೆ ಮೂರನೇ ಮಾದರಿ ಕೇಂದ್ರದ ಫ್ರಿಜ್ಜಿನಲ್ಲೇ ಉಳಿಯುತ್ತದೆ.